ಗೃಹಿಣಿಯ ಮುಗಿಯದ ದುಡಿಮೆ

ನಾಲ್ಕು ಆಶ್ರಮಗಳಲ್ಲಿ ಗೃಹಸ್ಥಾಶ್ರಮವೇ ಹಿರಿದಾದುದೆಂದೂ, ಮಿಕ್ಕ ಮೂರು ಆಶ್ರಮದವರು ಅನ್ನಕ್ಕಾಗಿ ಗೃಹಸ್ಥನನ್ನೇ ನೆಚ್ಚಿಕೊಂಡಿರುವರೆಂದೂ ನಮ್ಮ ಧರ್ಮಶಾಸ್ತ್ರಕಾರರು ಹೇಳಿರುವರು. ಈ ಮಾತು ನಿರ್ವಿವಾದವಾದುದು. ಆದರೆ ಆ ಗೃಹಸ್ಥನು ತನ್ನ ಅನ್ನಕ್ಕಾಗಿ ಯಾರನ್ನು ನೆಚ್ಚಿಕೊಂಡಿರುವನು? ಹೊಲದಲ್ಲಿ ಬೆಳೆದ ಜೋಳವು ತಾನಾಗಿಯೇ ರೊಟ್ಟಿಯಾಗಿ ತಾಟಿಗೆ ಬಂದು ಬೀಳುವದಿಲ್ಲ. ಕೆರೆಯ ನೀರು ತಾನಾಗಿಯೇ ಅಡಿಗೆಮನೆಯ ಹಂಡೆಯನ್ನು ತುಂಬುವದಿಲ್ಲ. ಇವೆರಡರ ನಡುವೆ ಎರಡು ಕೈಗಳು ನಸುಕಿನಿಂದ ನಡುರಾತ್ರಿಯವರೆಗೆ ಆಡುತ್ತಿರುವವು. ಆ ಕೈಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಈ ಲೇಖನದಲ್ಲಿ ವಾಚಕರ ಮುಂದೆ ಇಡಬೇಕೆಂದಿರುವೆನು.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ‘ಪಂಚಸೂನಾ’ ಎಂಬುದೊಂದು ವಿಚಾರವು ಬರುವದು. ‘ಸೂನಾ’ ಎಂದರೆ ಜೀವಹಿಂಸೆಯಾಗುವ ಸ್ಥಾನವು. ಗೃಹಸ್ಥನ ಮನೆಯಲ್ಲಿ ಇಂಥ ಸ್ಥಾನಗಳು ಐದು: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು ಒನಕೆ, ನೀರಿನ ಕೊಡ. ಇವುಗಳನ್ನು ಬಳಸುವಾಗ ಕಣ್ಣಿಗೆ ಕಾಣದ ಕ್ರಿಮಿಕೀಟಗಳು ಸಾಯುವವು. ಆ ಪಾಪದ ಪರಿಹಾರಕ್ಕಾಗಿ ಗೃಹಸ್ಥನು ನಿತ್ಯವೂ ಐದು ಮಹಾಯಜ್ಞಗಳನ್ನು ಮಾಡತಕ್ಕದ್ದು. ವೇದವನ್ನು ಹೇಳಿಕೊಡುವದು, ಪಿತೃಗಳಿಗೆ ತರ್ಪಣ ಕೊಡುವದು, ದೇವತೆಗಳಿಗೆ ಹೋಮ, ಭೂತಗಳಿಗೆ ಬಲಿ, ಅತಿಥಿಗಳಿಗೆ ಸತ್ಕಾರ, ಇವೇ ಆ ಐದು ಯಜ್ಞಗಳು.

ಈ ಪ್ರಕರಣವನ್ನು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದ ಮೇಲೆ ನನ್ನ ಲಕ್ಷ್ಯಕ್ಕೆ ಬಂದ ಒಂದು ಸಂಗತಿಯನ್ನು ಹೇಳುವೆನು. ಐದು ಸೂನೆಗಳ ಪೈಕಿ ಒಂದಾದರೂ ಗೃಹಸ್ಥನ ಕೈಯಲ್ಲಿಲ್ಲ. ಒಲೆಯನ್ನು ಹೊತ್ತಿಸುವವಳು ಗೃಹಿಣಿ. ಬೀಸುವವಳೂ, ಕುಟ್ಟುವವಳೂ, ಗುಡಿಸುವವಳೂ, ನೀರು ಹೊರುವವಳೂ ಅವಳೇ. ಯಜ್ಞಗಳು ಐದೂ ಗೃಹಸ್ಥನ ಹೆಸರಿನಲ್ಲಿ ನಡೆಯುವವು. ಆ ಐದರಲ್ಲಿಯೂ ಹೋಮದ ಅನ್ನ, ಬಲಿಯ ಅನ್ನ, ಅತಿಥಿಯ ಅನ್ನ ಬೆಂದು ಬರುವದು ಅವಳ ಒಲೆಯಿಂದಲೇ. ದುಡಿಮೆಯು ಒಬ್ಬರದು, ಪುಣ್ಯದ ಖಾತೆಯು ಇನ್ನೊಬ್ಬರದು! ಶಾಸ್ತ್ರವನ್ನು ಹಳಿಯುವದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಮನೆಯ ಕೆಲಸಗಳನ್ನು ಐದು ಸಾಧನಗಳಾಗಿ ವಿಂಗಡಿಸಿ, ಅವು ಪ್ರತಿದಿನವೂ ತಪ್ಪದೆ ನಡೆಯುವಂಥವೆಂದು ಬರೆದಿಟ್ಟ ಆ ಪ್ರಾಚೀನರ ಸೂಕ್ಷ್ಮದೃಷ್ಟಿಯನ್ನು ಮೆಚ್ಚಲೇಬೇಕು. ಆ ಐದನ್ನೇ ಕೈದೀಪವನ್ನಾಗಿ ಹಿಡಿದುಕೊಂಡು ನಮ್ಮ ಊರ ಮನೆಗಳನ್ನು ಒಮ್ಮೆ ಸುತ್ತಿ ಬರೋಣ.

ನಮ್ಮ ಹಂಸಭಾವಿಯು ಹಿರೇಕೆರೂರು ತಾಲೂಕಿನದು. ಮೊದಲು ಧಾರವಾಡ ಜಿಲ್ಲೆಯಲ್ಲಿದ್ದ ಈ ಸೀಮೆಯು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಇದು ಪೂರ್ಣ ಬಯಲುಸೀಮೆಯೂ ಅಲ್ಲ, ಪೂರ್ಣ ಮಲೆನಾಡೂ ಅಲ್ಲ. ಗೋವಿನಜೋಳ, ಹತ್ತಿ, ಭತ್ತ, ಮೆಣಸಿನಕಾಯಿ ಎಲ್ಲವೂ ಸುತ್ತಮುತ್ತ ಬೆಳೆಯುವವು. ಆದುದರಿಂದ ಇಲ್ಲಿಯ ಒಕ್ಕಲು ಮನೆಯ ಹೆಣ್ಣುಮಗಳಿಗೆ ರೊಟ್ಟಿಯ ಕೆಲಸವೂ ಉಂಟು, ಅನ್ನದ ಕೆಲಸವೂ ಉಂಟು. ಮನೆಯ ಕೆಲಸವೂ ಉಂಟು, ಹೊಲದ ಕಳೆಯೂ ಉಂಟು.

ಮೊದಲು ಬೀಸುವ ಕಲ್ಲನ್ನು ನೋಡೋಣ. ನಾವು ಹುಡುಗರಾಗಿದ್ದಾಗ ಕೋಳಿ ಕೂಗುವದಕ್ಕಿಂತ ಮುಂಚೆ ಕಲ್ಲಿನ ಸದ್ದು ಕೇಳುತ್ತಿತ್ತು. ಎದುರುಬದುರು ಕುಳಿತ ಇಬ್ಬರು, ಅತ್ತೆ ಸೊಸೆಯರೋ ನೆಗೆಣ್ಣಿಯರೋ, ಆ ದಿನದ ಹಿಟ್ಟನ್ನು ಆ ದಿನವೇ ಬೀಸುತ್ತಿದ್ದರು. ಕೈ ದಣಿಯದಿರಲೆಂದು ಹಾಡು. ಆ ಹಾಡುಗಳನ್ನು ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಕನ್ನಡದ ಜನಪದ ಸಾಹಿತ್ಯದ ಭಂಡಾರವೆಂದು ಪಂಡಿತರು ಇಂದಿಗೂ ಅದನ್ನು ಕೊಂಡಾಡುವರು. ಕೊಂಡಾಡುವದು ಯೋಗ್ಯವೇ ಸರಿ. ಆದರೆ ಆ ಹಾಡುಗಳು ಹುಟ್ಟಿದ್ದು ಬಿಡುವಿನಿಂದಲ್ಲ, ಬೆವರಿನಿಂದ ಎಂಬುದನ್ನು ಮರೆಯಬಾರದು. ಗಿರಣಿಯು ಬಂದ ಮೇಲೆ ಹಾಡು ನಿಂತಿತೆಂದು ಮರುಗುವವರು ಬಹಳ ಜನರುಂಟು. ನಸುಕಿನ ನಿದ್ದೆಯು ತಮಗೆ ಮರಳಿ ದೊರೆಯಿತೆಂದು ಮರುಗಿದ ಹೆಣ್ಣುಮಗಳನ್ನು ಮಾತ್ರ ನಾನು ಕಂಡಿಲ್ಲ.

ಒರಳು ಒನಕೆಗಳ ಕಥೆಯೂ ಇದೇ. ಭತ್ತ ಕುಟ್ಟುವದನ್ನು ಅಕ್ಕಿಯ ಗಿರಣಿಯು ನುಂಗಿತು. ಖಾರ ಕುಟ್ಟುವದನ್ನು ಯಂತ್ರವು, ಚಟ್ನಿ ಅರೆಯುವದನ್ನು ಮಿಕ್ಸರು ನುಂಗಿದವು. ಹನ್ನೆರಡನೆಯ ಶತಮಾನದಲ್ಲಿ ಈ ಕುಟ್ಟುವ ಕೆಲಸವನ್ನೇ ಕಾಯಕವನ್ನಾಗಿ ಮಾಡಿಕೊಂಡ ಶರಣೆಯೊಬ್ಬಳಿದ್ದಳು. ಅವಳ ಹೆಸರೇ ಕೊಟ್ಟಣದ ಸೋಮಮ್ಮ. ನೂಲುವ ಕದಿರೆ ರೆಮ್ಮವ್ವೆ, ಅಕ್ಕಿಯನ್ನು ಆಯ್ದು ತರುವ ಆಯ್ದಕ್ಕಿ ಲಕ್ಕಮ್ಮ ಇವರೂ ಆ ಕಾಲದವರೇ. ಏಕಾಂತದ ರಾಮಯ್ಯನ ಕಥೆಯಿಂದ ಪ್ರಸಿದ್ಧವಾದ ಅಬಲೂರು ನಮ್ಮ ತಾಲೂಕಿನಲ್ಲಿಯೇ ಇರುವದರಿಂದ ಶರಣರ ವಿಚಾರವು ನಮಗೆ ಪರಕೀಯವಲ್ಲ. ಕುಟ್ಟುವ, ನೂಲುವ, ಆಯುವ ಹೆಣ್ಣುಮಗಳ ಕೆಲಸವನ್ನು ಅವಳ ಹೆಸರಿನ ಮುಂದೆ ಬಿರುದಿನಂತೆ ಇಟ್ಟು ಕರೆದ ಕಾಲವೊಂದು ಈ ನಾಡಿನಲ್ಲಿತ್ತು. ಇಂದು ನಮ್ಮ ಮನೆಯ ಹೆಣ್ಣುಮಗಳ ದುಡಿಮೆಗೆ ಹೆಸರೇ ಇಲ್ಲ.

ಮೂರನೆಯದು ನೀರಿನ ಕೊಡ. ಒಂದು ಕೊಡ ನೀರು ಹದಿನೈದು ಲೀಟರು ಎಂದು ಹಿಡಿದರೆ ಅದರ ಭಾರವು ಹದಿನೈದು ಕಿಲೋ. ದಿನಕ್ಕೆ ಹತ್ತು ಕೊಡವೆಂದರೆ ನೂರೈವತ್ತು ಕಿಲೋ. ಒಬ್ಬ ಹಮಾಲನು ಇಷ್ಟು ಭಾರವನ್ನು ಸಂತೆಯಲ್ಲಿ ಹೊತ್ತರೆ ಕೂಲಿಯನ್ನು ಕೇಳುವನು, ಕೊಡುವದೂ ನ್ಯಾಯವೇ. ಮನೆಯವಳು ಹೊತ್ತರೆ ಅದು ‘ನೀರು ತರುವದು’ ಮಾತ್ರ. 2019ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಘೋಷಿಸಿದ ಜಲಜೀವನ ಯೋಜನೆಯಿಂದ ಹಳ್ಳಿಯ ಮನೆಗಳಿಗೆ ನಳವು ಬರತೊಡಗಿತು. ನಳ ಬಂದುದು ದೊಡ್ಡ ಉಪಕಾರವು. ಆದರೆ ನಳದ ನೀರಿಗೆ ಹೊತ್ತುಗೊತ್ತು ಉಂಟು. ಅದು ಬರುವ ಸಮಯವನ್ನು ಕಾಯುವವಳೂ, ಬಂದಾಗ ಕೈಯ ಕೆಲಸವನ್ನು ಬಿಟ್ಟು ಓಡುವವಳೂ, ಹಂಡೆ ಕೊಡಗಳನ್ನು ತುಂಬಿಡುವವಳೂ ಅವಳೇ. ಹೊರುವದು ತಪ್ಪಿದರೂ ಕಾಯುವದು ತಪ್ಪಲಿಲ್ಲ.

ನಾಲ್ಕನೆಯದು ಒಲೆ. ಐದರಲ್ಲಿಯೂ ಇದೇ ಕಠಿಣವಾದುದು. ಹಸಿ ಕಟ್ಟಿಗೆಯ, ಹತ್ತಿಕಟ್ಟಿಗೆಯ, ಕುಳ್ಳಿನ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿದ ತಾಯಂದಿರ ಕೆಮ್ಮನ್ನು ನಾವೆಲ್ಲರೂ ಕೇಳಿಯೇ ಬೆಳೆದವರು. ಅಡಿಗೆಮನೆಯ ಹೊಗೆ ಮುಂತಾದ ಮನೆಯೊಳಗಿನ ಕೆಟ್ಟ ಗಾಳಿಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಗ್ಯಾಸಿನ ಒಲೆಯು ಬಂದಿತು. ಆದರೆ ಮೊದಲ ಸಿಲಿಂಡರು ತೀರಿದ ಮೇಲೆ ಎರಡನೆಯದನ್ನು ತುಂಬಿಸುವ ಹಣಕ್ಕಾಗಿ ಮನೆಯಲ್ಲಿ ವಿಚಾರವು ನಡೆಯುವದು. ಗಂಡಸಿನ ಗಾಡಿಗೆ ಪೆಟ್ರೋಲು ಹಾಕಿಸುವಾಗ ಅಂಥ ವಿಚಾರವು ನಡೆಯುವದು ಅಪರೂಪವು! ಹೀಗಾಗಿ ಹಿತ್ತಲಿನ ಮಣ್ಣಿನ ಒಲೆಯು ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ.

ಒಲೆಯ ವಿಷಯದಲ್ಲಿ ಸ್ವಲ್ಪ ಗಣಿತ ಮಾಡೋಣ. ಮಾಸ್ತರನಿಗೆ ಗಣಿತವು ಬಿಡದು. ಆರು ಜನರಿರುವ ಮನೆಯಲ್ಲಿ ದಿನಕ್ಕೆ ಇಪ್ಪತ್ತು ರೊಟ್ಟಿಯೆಂದು ಹಿಡಿಯಿರಿ. ಇದು ಕಡಿಮೆಯ ಲೆಕ್ಕವೇ. ವರ್ಷಕ್ಕೆ 7,300 ರೊಟ್ಟಿಗಳಾದವು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಗಂಡನ ಮನೆಗೆ ಬಂದವಳು ಅರವತ್ತರವರೆಗೆ ನಲವತ್ತು ವರ್ಷ ಒಲೆಯ ಮುಂದೆ ಕುಳಿತರೆ 2,92,000 ರೊಟ್ಟಿಗಳು. ಒಂದೊಂದು ರೊಟ್ಟಿಗೂ ನಾದುವದು, ಬಡಿಯುವದು, ಹಂಚಿಗೆ ಹಾಕುವದು, ನೀರು ಸವರುವದು, ತಿರುವಿ ಹಾಕುವದು, ಸುಡುವದು ಉಂಟು. ಇಷ್ಟು ಸಂಖ್ಯೆಯ ಇಟ್ಟಿಗೆಗಳನ್ನು ಒಬ್ಬ ಗಾರೆಯವನು ಇಟ್ಟಿದ್ದರೆ ಹತ್ತು ಹನ್ನೆರಡು ಮನೆಗಳಾದರೂ ಎದ್ದು ನಿಲ್ಲುತ್ತಿದ್ದವು. ಮೊಮ್ಮಕ್ಕಳಿಗೆ ತೋರಿಸಿ ‘ಇದು ನಾನು ಕಟ್ಟಿದ್ದು’ ಎಂದು ಅವನು ಹೇಳಿಕೊಳ್ಳುತ್ತಿದ್ದನು. ರೊಟ್ಟಿ ಮಾಡಿದವಳಿಗೆ ತೋರಿಸಲು ಏನೂ ಉಳಿಯುವದಿಲ್ಲ. ಮುಂಜಾನೆಯ ರೊಟ್ಟಿಯು ಮಧ್ಯಾಹ್ನಕ್ಕೆ ಇಲ್ಲ. ಮಧ್ಯಾಹ್ನದ ಪಲ್ಯವು ರಾತ್ರಿಗೆ ಇಲ್ಲ.

ಮನೆಗೆಲಸವು ಮುಗಿಯದಿರಲು ಮೊದಲನೆಯ ಕಾರಣವು ಇದೇ: ಮಾಡಿದ ಕೆಲಸವು ಆ ದಿನವೇ ಸವೆದುಹೋಗಿ ಮರುದಿನ ಮೊದಲಿನಿಂದ ಆರಂಭವಾಗುವದು. ಐದನೆಯ ಸೂನೆಯಾದ ಕಸಬರಿಗೆಯೇ ಇದಕ್ಕೆ ಉತ್ತಮ ಉದಾಹರಣೆಯು. ಗುಡಿಸಿದ ಅಂಗಳದಲ್ಲಿ ಎಲೆಯು ಬಿದ್ದೇ ಬೀಳುವದು. ಒಗೆದ ಬಟ್ಟೆಯು ಮಾಸಿಯೇ ಮಾಸುವದು. ಎರಡನೆಯ ಕಾರಣವು, ಈ ಕೆಲಸಕ್ಕೆ ಗಂಟೆ ಬಾರಿಸುವವರಿಲ್ಲ. ಶಾಲೆಗೆ ಗಂಟೆಯುಂಟು, ಕಚೇರಿಗೆ ಹೊತ್ತುಂಟು, ಎತ್ತಿಗೂ ನೊಗ ಇಳಿಸುವ ಸಮಯವುಂಟು. ಗೃಹಿಣಿಗೆ ಅದಿಲ್ಲ. ಮೂರನೆಯದು, ಒಂದೇ ಕಾಲಕ್ಕೆ ಹಲವು ಕೆಲಸಗಳು. ಒಲೆಯ ಮೇಲೆ ಬೇಳೆ, ತೊಡೆಯ ಮೇಲೆ ಕೂಸು, ಕೊಟ್ಟಿಗೆಯಲ್ಲಿ ಕರುವಿನ ಕೂಗು, ಪಡಸಾಲೆಯಿಂದ ‘ಚಾ ಆತೇನು?’ ಎಂಬ ಪ್ರಶ್ನೆ. ನಾಲ್ಕನೆಯದು ಕಣ್ಣಿಗೆ ಕಾಣುವಂಥದೇ ಅಲ್ಲ: ನೆನಪಿನ ಭಾರವು. ಎಣ್ಣೆಯು ಎಂದು ತೀರುವದು, ಮಾವನವರ ಔಷಧವು ಎಷ್ಟು ಉಳಿದಿದೆ, ಮಗುವಿಗೆ ಸೂಜಿ ಹಾಕಿಸುವ ದಿನವು ಯಾವದು, ನಾದಿನಿಯ ಸೀಮಂತಕ್ಕೆ ಏನು ಒಯ್ಯಬೇಕು? ಇವನ್ನೆಲ್ಲ ಒಂದೇ ತಲೆಯು ಹೊತ್ತುಕೊಂಡಿರುವದು. ಕೈಗೆ ಬಿಡುವಾದಾಗಲೂ ಈ ತಲೆಗೆ ಬಿಡುವಿಲ್ಲ.

ಇನ್ನು ಹಬ್ಬಗಳು. ಗಂಡಸರಿಗೂ ಮಕ್ಕಳಿಗೂ ಹಬ್ಬವೆಂದರೆ ಬಿಡುವು. ಗೃಹಿಣಿಗೆ ಹಬ್ಬವೆಂದರೆ ಇಮ್ಮಡಿ ದುಡಿಮೆಯು. ಸೀಗಿಹುಣ್ಣಿಮೆಗೆ ಹೊಲಕ್ಕೆ ಬುತ್ತಿ, ದೀಪಾವಳಿಗೆ ಮನೆಯೆಲ್ಲ ಸುಣ್ಣ ಸಾರಣೆ, ಯುಗಾದಿಗೆ ಹೋಳಿಗೆ. ಬೇಸಗೆಯಲ್ಲಿ ಬಿಸಿಲು ಬಿದ್ದೊಡನೆ ಶಾವಿಗೆ, ಹಪ್ಪಳ, ಸಂಡಿಗೆ, ವರ್ಷದ ಖಾರದ ಪುಡಿ. ಇವುಗಳ ನಡುವೆ ನಾಗರಪಂಚಮಿಯೊಂದೇ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ನಿಜವಾದ ರಜೆಯು. ಅಣ್ಣನೋ ತಮ್ಮನೋ ಬಂದು ಕರೆದೊಯ್ಯುವನು. ತವರಿನಲ್ಲಿ ಜೋಕಾಲಿಯುಂಟು, ಉಂಡಿಯುಂಟು, ತಾಯಿಯ ಕೈಯ ಬಿಸಿರೊಟ್ಟಿಯುಂಟು. ಆದರೆ ವಿಚಾರಿಸಿ ನೋಡಿರಿ: ಮಗಳಿಗೆ ರಜೆಯಾದ ಆ ದಿನಗಳಲ್ಲಿ ಉಂಡಿ ಕಟ್ಟುವವಳು ತಾಯಿ. ಒಬ್ಬ ಹೆಣ್ಣಿನ ಬಿಡುವು ಇನ್ನೊಬ್ಬ ಹೆಣ್ಣಿನ ದುಡಿಮೆಯಿಂದಲೇ ಬರತಕ್ಕದ್ದಾಗಿದೆ.

ಹಿಂದೊಮ್ಮೆ ಉತ್ತರ ಧ್ರುವದ ಸಮೀಪದ ಐಸ್ಲೆಂಡ್ ಎಂಬ ದ್ವೀಪದಲ್ಲಿ ಒಂದು ವಿಶೇಷವು ನಡೆಯಿತು. 1975ನೆಯ ಅಕ್ಟೋಬರ್ 24ರಂದು ಆ ದೇಶದ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರು ಹೊರಗಿನ ಕೆಲಸವನ್ನೂ ಮನೆಯ ಕೆಲಸವನ್ನೂ ಒಂದು ದಿನದ ಮಟ್ಟಿಗೆ ನಿಲ್ಲಿಸಿದರು. ಶಾಲೆಗಳು ಮುಚ್ಚಿದವು, ಮೀನಿನ ಕಾರಖಾನೆಗಳು ನಿಂತವು; ಗಂಡಸರು ಕೂಸುಗಳನ್ನು ಎತ್ತಿಕೊಂಡು ಕಚೇರಿಗೆ ಹೋದರು. ಮರುವರ್ಷವೇ ಆ ದೇಶದಲ್ಲಿ ಸ್ತ್ರೀಪುರುಷರ ಸಮಾನತೆಯ ಕಾಯಿದೆಯು ಬಂದಿತು. 1980ರಲ್ಲಿ ವಿಗ್ದಿಸ್ ಫಿನ್ಬೊಗದೋತ್ತಿರ್ ಎಂಬ ಮಹಿಳೆಯು ರಾಷ್ಟ್ರಾಧ್ಯಕ್ಷೆಯಾದಳು. ಇದ್ದಾಗ ಕಾಣದ ಕೆಲಸವು ನಿಂತಾಗ ಕಾಣುವದು. ನಮ್ಮ ಊರಲ್ಲಿ ಮನೆಯವಳು ಜ್ವರ ಹಿಡಿದು ಎರಡು ದಿನ ಮಲಗಿದರೂ ಇದೇ ಪಾಠವು ಆಗುವದು.

ಯಂತ್ರಗಳು ಬಂದ ಮೇಲೆ ಈಗಿನ ಹೆಣ್ಣುಮಕ್ಕಳಿಗೆ ಏನು ಕಷ್ಟವಿದೆ ಎಂದು ಕೇಳುವವರುಂಟು. ವಯಸ್ಸಾದ ಅತ್ತೆಯಂದಿರೇ ಹೆಚ್ಚಾಗಿ ಹೀಗೆ ಕೇಳುವರು. ಅವರು ಬೀಸಿ ಕುಟ್ಟಿ ಸವೆದವರು. ಅವರ ಮಾತಿನಲ್ಲಿ ನೋವುಂಟೇ ಹೊರತು ಕೇಡಿಲ್ಲ. ಆದರೆ ಲೆಕ್ಕವು ಬೇರೆಯದನ್ನು ಹೇಳುವದು. ಭಾರತ ಸರಕಾರದ ಸಂಖ್ಯಾಶಾಸ್ತ್ರ ಇಲಾಖೆಯು 2019ರಲ್ಲಿ ದೇಶದಾದ್ಯಂತ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂದು ಎಣಿಕೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು, ಹಾಗೆ ತೊಡಗಿದ ಪುರುಷರು 97 ನಿಮಿಷಗಳನ್ನು ಕಳೆದರೆಂದು ಕಂಡುಬಂದಿತು. ಅದೂ ಸ್ತ್ರೀಯರಲ್ಲಿ ನೂರಕ್ಕೆ 81 ಜನರು ತೊಡಗಿದ್ದರೆ, ಪುರುಷರಲ್ಲಿ ತೊಡಗಿದವರು ನೂರಕ್ಕೆ 26 ಮಾತ್ರ. ಮಕ್ಕಳ, ಮುದುಕರ, ರೋಗಿಗಳ ಆರೈಕೆಯ ಲೆಕ್ಕವು ಇದರಿಂದ ಬೇರೆಯೇ.

299 ನಿಮಿಷವೆಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ದಿನವೂ ಇಷ್ಟೇ ಎಂದು ಹಿಡಿದರೆ ವರ್ಷಕ್ಕೆ ಸುಮಾರು 1,819 ಗಂಟೆಗಳು; ಎಂಟು ಗಂಟೆಗಳ ದಿನದಂತೆ 227 ದಿನಗಳ ಪೂರ್ಣ ಕೆಲಸ. 2024ರಲ್ಲಿ ಮತ್ತೆ ಎಣಿಕೆಯಾಯಿತು. ಸ್ತ್ರೀಯರ ಹೊತ್ತು 289 ನಿಮಿಷಕ್ಕೆ ಇಳಿದಿತ್ತು. ಸಂತೋಷಪಡುವದರೊಳಗೆ ಮುಂದಿನ ಅಂಕಿಯು ಕಾಣುವದು: ಪುರುಷರ ಹೊತ್ತು 88 ನಿಮಿಷಕ್ಕೆ ಇಳಿದಿತ್ತು. ಐದು ವರ್ಷಗಳಲ್ಲಿ ಅವಳ ಭಾರವು ಹತ್ತು ನಿಮಿಷ ಇಳಿದರೆ ಅವನ ಹೆಗಲು ಒಂಬತ್ತು ನಿಮಿಷ ಹಿಂದೆ ಸರಿದಿತು!

ಯಂತ್ರಗಳು ಬಂದರೂ ಹೊತ್ತು ಉಳಿಯದಿರುವದೇಕೆ? ಅಮೇರಿಕೆಯ ಇತಿಹಾಸಜ್ಞೆಯಾದ ರೂತ್ ಶ್ವಾರ್ಟ್ಸ್ ಕೋವನ್ ಎಂಬವಳು 1983ರಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಗ್ರಂಥವನ್ನು ಬರೆದಳು. ಮನೆಯ ಯಂತ್ರಗಳು ಮೊದಲು ಬಿಡುಗಡೆ ಮಾಡಿದ್ದು ಗಂಡಸನ್ನೂ ಮಕ್ಕಳನ್ನೂ ಆಳುಗಳನ್ನೂ ಎಂಬುದು ಅವಳ ಶೋಧವು. ಕಬ್ಬಿಣದ ಒಲೆಯು ಬಂದಾಗ ಕಟ್ಟಿಗೆಯ ಖರ್ಚು ಇಳಿದು ಗಂಡಸಿನ ಕೊಡಲಿಗೆ ವಿಶ್ರಾಂತಿಯಾಯಿತು. ಅಡಿಗೆಯ ಕೆಲಸವು ಮಾತ್ರ ಹೆಂಗಸಿಗೇ ಉಳಿದು, ಬಗೆಬಗೆಯಾಗಿ ಬೆಳೆಯಿತು. ನಮ್ಮ ಊರನ್ನು ನೋಡಿದರೂ ಇದು ದಿಟವೇ. ಕಟ್ಟಿಗೆ ಕಡಿದು ಒಡೆದು ಒಟ್ಟುವದು ಗಂಡಸಿನ ಕೆಲಸವಾಗಿತ್ತು. ಗ್ಯಾಸು ಬಂದು ಅದು ಹೋಯಿತು. ಕುಳ್ಳು ಆಯುವದು, ಕರು ಕಟ್ಟುವದು ಮಕ್ಕಳ ಪಾಲಿಗಿತ್ತು. ಮಕ್ಕಳು ಶಾಲೆಗೆ ಹೋದರು. ಹೋದುದು ಅತ್ಯಂತ ಶ್ರೇಯಸ್ಕರವೇ; ಆದರೆ ಅವರ ಡಬ್ಬಿ, ಸಮವಸ್ತ್ರ, ಮನೆಪಾಠಗಳ ಹೊಣೆಯು ಯಾರ ಮೇಲೆ ಬಿದ್ದಿತು? ವಾರಕ್ಕೆರಡು ಬಾರಿ ಬದಲಿಸುತ್ತಿದ್ದ ಬಟ್ಟೆಯನ್ನು ಈಗ ದಿನವೂ ಬದಲಿಸುವೆವು; ಒಂದು ಪಲ್ಯದ ಬದಲು ಎರಡು ಬಯಸುವೆವು. ಯಂತ್ರವು ಉಳಿಸಿದ ಹೊತ್ತನ್ನು ನಮ್ಮ ಬಯಕೆಗಳು ತಿಂದುಹಾಕಿದವು.

ಇನ್ನೊಂದು ಆಕ್ಷೇಪಣೆಯುಂಟು. ‘ಗಂಡಸು ಹೊರಗೆ ದುಡಿಯುವದಿಲ್ಲವೇ?’ ದುಡಿಯುವನು. 2019ರ ಅದೇ ಎಣಿಕೆಯಲ್ಲಿ ಉದ್ಯೋಗದಲ್ಲಿ ತೊಡಗಿದ ಪುರುಷರು ದಿನಕ್ಕೆ ಸರಾಸರಿ 459 ನಿಮಿಷಗಳನ್ನು ಅದರಲ್ಲಿ ಕಳೆದಿದ್ದರು. ತೊಡಗಿದ ಸ್ತ್ರೀಯರು 333 ನಿಮಿಷಗಳನ್ನು. ಬಿಸಿಲಲ್ಲಿ ನೇಗಿಲು ಹೊಡೆಯುವವನ, ಲಾರಿ ನಡೆಸುವವನ ಶ್ರಮವು ಹಗುರವೆಂದು ಯಾರೂ ಹೇಳಲಾರರು. ಆದರೆ ಅವನು ದುಡಿದು ಮನೆಗೆ ಬಂದರೆ ಆ ದಿನದ ಕೆಲಸವು ಮುಗಿಯಿತು. ನಮ್ಮ ಸೀಮೆಯಲ್ಲಿ ಕಳೆ ತೆಗೆಯಲು, ಹತ್ತಿ ಬಿಡಿಸಲು ಹೊಲಕ್ಕೆ ಹೋಗುವವಳೂ ಅವನೊಡನೆಯೇ ಸಂಜೆಗೆ ಮನೆಗೆ ಬರುವಳು. ಅವನು ಕಾಲು ತೊಳೆದು ಕಟ್ಟೆಗೆ ಹೋಗಿ ಕೂಡ್ರುವನು. ಅವಳು ಕಾಲು ತೊಳೆದು ಒಲೆಯ ಮುಂದೆ ಕೂಡ್ರುವಳು. ನಾನು ಕೇಳುವದು ಈ ಕಟ್ಟೆಗೂ ಒಲೆಗೂ ಇರುವ ಅಂತರದ ವಿಷಯವಾಗಿ ಮಾತ್ರ.

ಈ ದುಡಿಮೆಯು ಲೆಕ್ಕಕ್ಕೆ ಸಿಗದಿರುವದರ ಒಂದು ಪ್ರತ್ಯಕ್ಷ ಅನುಭವವನ್ನು ಹೇಳುವೆನು. ಶಾಲಾ ಮಾಸ್ತರರೆಲ್ಲರಂತೆ ನಾನೂ 2011ರ ಜನಗಣತಿಗಾಗಿ ಮನೆಮನೆ ತಿರುಗಿದವನು. ‘ಮನೆಯವರು ಏನು ಕೆಲಸ ಮಾಡುವರು?’ ಎಂದು ಕೇಳಿದರೆ ಹೆಚ್ಚಿನ ಯಜಮಾನರ ಉತ್ತರವು ಒಂದೇ: ‘ಆಕಿ ಏನೂ ಮಾಡೂದಿಲ್ರಿ ಮಾಸ್ತರ, ಮನಿಯಾಗ ಇರ್ತಾಳ.’ ಆ ಮಾತು ಆಡುವಾಗಲೇ ಒಳಗಿನಿಂದ ಚಹದ ಲೋಟವು ಬರುತ್ತಿತ್ತು! ನಮಗೆ ಕೊಟ್ಟ ಪತ್ರಕದಲ್ಲಿಯೂ ಮನೆಗೆಲಸವು ‘ಆರ್ಥಿಕವಲ್ಲದ’ ಚಟುವಟಿಕೆಗಳ ಸಾಲಿನಲ್ಲಿಯೇ ಇತ್ತು. ಪರಾವಲಂಬಿ, ಭಿಕ್ಷುಕ ಎಂಬವೂ ಅದೇ ಸಾಲಿನ ಶಬ್ದಗಳು. ಆ ಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಸ್ತ್ರೀಯರು ದೇಶದಲ್ಲಿ ಸುಮಾರು 16 ಕೋಟಿ. ಪುರುಷರು ಸುಮಾರು 58 ಲಕ್ಷ. ಅರ್ಥಶಾಸ್ತ್ರಜ್ಞರ ರಾಷ್ಟ್ರೀಯ ಆದಾಯದ ಲೆಕ್ಕವೂ ಹಾಗೆಯೇ. ಒಬ್ಬನು ಸಂಬಳಕ್ಕೆ ಇಟ್ಟುಕೊಂಡ ಅಡಿಗೆಯವಳನ್ನೇ ಮದುವೆಯಾದರೆ ದೇಶದ ಆದಾಯವು ಇಳಿಯುವದೆಂದು ಇಂಗ್ಲೆಂಡಿನ ಪಿಗೂ ಎಂಬ ಪಂಡಿತನು ತೋರಿಸಿದನು. ಅಡಿಗೆಯು ಅದೇ, ಕೈಗಳು ಅವೇ. ಸಂಬಳವು ನಿಂತುದರಿಂದ ಕೆಲಸವೇ ಇಲ್ಲವಾಯಿತು.

ನ್ಯಾಯಾಲಯಗಳು ಈ ವಿಷಯದಲ್ಲಿ ಅರ್ಥಶಾಸ್ತ್ರಕ್ಕಿಂತ ಮುಂದೆ ಹೋಗಿರುವವು. 1989ರ ಮಾರ್ಚ್ 3ರಂದು ಜಮಶೇದಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಬಹಳ ಜನ ಹೆಂಗಸರೂ ಮಕ್ಕಳೂ ತೀರಿಕೊಂಡರು. ಆ ಪ್ರಕರಣದ 2001ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೃಹಿಣಿಯ ಸೇವೆಯ ಬೆಲೆಯನ್ನು ಸಾಧಾರಣ ಅಂದಾಜಿನಿಂದಲೂ ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. 2010ರಲ್ಲಿ ಅದೇ ನ್ಯಾಯಾಲಯವು, ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರೇ ಮೊದಲಾದವರ ಸಾಲಿನಲ್ಲಿ ಇಟ್ಟುದನ್ನು ಖಂಡಿಸಿತು. 2021ರ ಜನವರಿ 5ರಂದು ಹೇಳಿದ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ರಮಣ ಅವರು 299 ನಿಮಿಷಗಳ ಆ ಎಣಿಕೆಯನ್ನೇ ಆಧಾರವಾಗಿ ಎತ್ತಿಕೊಂಡು, ಗೃಹಿಣಿಗೆ ಆದಾಯವನ್ನು ಕಲ್ಪಿಸುವದು ಅವಳ ಶ್ರಮಕ್ಕೆ ಕಾನೂನು ತೋರುವ ಮನ್ನಣೆಯೆಂದರು.

ಇದರಲ್ಲಿ ಒಂದು ದುಃಖದ ವಿಷಯವು ಅಡಗಿದೆ. ಇವೆಲ್ಲವೂ ಅಪಘಾತದ ಪರಿಹಾರದ ಮೊಕದ್ದಮೆಗಳು. ಎಂದರೆ, ಗೃಹಿಣಿಯು ತೀರಿಕೊಂಡ ಮೇಲೆ ಅವಳ ದುಡಿಮೆಯ ಬೆಲೆಯನ್ನು ಹೇಳತಕ್ಕವು. ಬದುಕಿರುವಾಗ ‘ಏನೂ ಮಾಡುವದಿಲ್ಲ’ ಎಂದು ಬರೆಸಿದ ಗಂಡನೇ, ಅವಳು ಸತ್ತ ಬಳಿಕ ‘ಎಲ್ಲವನ್ನೂ ಅವಳೇ ಮಾಡುತ್ತಿದ್ದಳು’ ಎಂದು ವಕೀಲರ ಮುಖಾಂತರ ಹೇಳಬೇಕಾಗುವದು. ಈ ಎರಡು ಮಾತುಗಳಲ್ಲಿ ಯಾವದು ನಿಜವೆಂಬುದನ್ನು ಅವಳು ಬದುಕಿರುವಾಗಲೇ ತಿಳಿದುಕೊಂಡರೆ ಒಳಿತಲ್ಲವೇ? ಕರ್ನಾಟಕ ಸರಕಾರವು 2023ರ ಆಗಸ್ಟ್ 30ರಂದು ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿಗಳನ್ನು ಗೊತ್ತುಮಾಡಿತು. ಅದು ಸಂಬಳವಲ್ಲ. ಆದರೂ ಪಡಿತರದ ಚೀಟಿಯಲ್ಲಿ ‘ಯಜಮಾನಿ’ ಎಂಬ ಶಬ್ದವನ್ನು ನೋಡಿ ಹಿಗ್ಗಿದ ತಾಯಂದಿರನ್ನು ನಾನು ಕಂಡಿರುವೆನು. ಹಣಕ್ಕಿಂತ ಆ ಶಬ್ದವೇ ಅವರಿಗೆ ದೊಡ್ಡದಾಗಿತ್ತು.

ಇನ್ನು ಊಟದ ವಿಷಯವು. ನಮ್ಮ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಗೃಹಿಣಿಯು ಉಣ್ಣುವದು ಪದ್ಧತಿಯು. ಪಲ್ಯವು ಉಳಿದಿದ್ದರೆ ಉಂಟು, ಇಲ್ಲದಿದ್ದರೆ ತಣ್ಣನೆಯ ರೊಟ್ಟಿ ಮತ್ತು ಚಟ್ನಿ. ಇದು ಶಾಸ್ತ್ರವೆಂದು ಬಹಳ ಜನರು ತಿಳಿದಿರುವರು. ಅಂಥವರು ಮನುಸ್ಮೃತಿಯ ಅದೇ ಮೂರನೆಯ ಅಧ್ಯಾಯವನ್ನು ಮುಂದೆ ಓದಬೇಕು. ಅತಿಥಿಗಳೂ ಆಳುಗಳೂ ಉಂಡ ಮೇಲೆ ಉಳಿದುದನ್ನು ಉಣ್ಣಬೇಕಾದವರು ‘ದಂಪತಿಗಳು’ ಎಂದು ಅಲ್ಲಿದೆ. ಶಬ್ದವು ದ್ವಿವಚನದಲ್ಲಿದೆ! ಕಡೆಗೆ ಉಣ್ಣುವದಿದ್ದರೆ ಗಂಡಹೆಂಡಿರಿಬ್ಬರೂ ಕಡೆಗೇ ಉಣ್ಣಬೇಕು; ಹೆಂಡತಿಯೊಬ್ಬಳೇ ಅಲ್ಲ. ಹೊಸದಾಗಿ ಮದುವೆಯಾದವಳು, ಎಳೆಯ ಹುಡುಗಿ, ರೋಗಿ, ಗರ್ಭಿಣಿ ಇವರಿಗೆ ಅತಿಥಿಗಳಿಗಿಂತಲೂ ಮೊದಲೇ ವಿಚಾರಮಾಡದೆ ಉಣಿಸಬೇಕೆಂದೂ ಅಲ್ಲಿಯೇ ಹೇಳಿದೆ. ಒಂಬತ್ತನೆಯ ಅಧ್ಯಾಯದಲ್ಲಿ ಹಣವನ್ನು ಕೂಡಿಡುವದನ್ನೂ ವೆಚ್ಚ ಮಾಡುವದನ್ನೂ ಹೆಂಡತಿಗೆ ಒಪ್ಪಿಸಬೇಕೆಂದಿದೆ. ಮನುವಿನ ಎಲ್ಲ ಮಾತುಗಳೂ ಇಂದಿಗೆ ಗ್ರಾಹ್ಯವಲ್ಲ. ಸ್ತ್ರೀಗೆ ಸ್ವಾತಂತ್ರ್ಯವೇ ಸಲ್ಲದೆಂಬ ಅವನ ಮಾತನ್ನು ನಾವು ಬಿಟ್ಟುದು ಸರಿಯೇ. ಆದರೆ ನಮಗೆ ಅನುಕೂಲವಾದ ಮಾತುಗಳನ್ನು ಹಿಡಿದು, ಅವಳಿಗೆ ಅನುಕೂಲವಾದವನ್ನು ಮರೆತುಬಿಟ್ಟರೆ ಅದನ್ನು ಶಾಸ್ತ್ರನಿಷ್ಠೆಯೆಂದು ಕರೆಯಲಾಗದು.

ಕಡೆಗೆ ಉಣ್ಣುವದರ ಫಲವು ಸಣ್ಣದಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದ್ದುದು ಕಂಡುಬಂದಿತು. ಕರ್ನಾಟಕದಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಸ್ತ್ರೀಯರ ಸ್ಥಿತಿಯು ಇದೇ. ರಕ್ತಹೀನತೆಗೆ ಕಾರಣಗಳು ಹಲವಿರಬಹುದು. ಆದರೂ ಮನೆಯವರೆಲ್ಲರಿಗೂ ಅನ್ನವಿಕ್ಕುವ ಕೈಯೇ ರಕ್ತವಿಲ್ಲದೆ ಬಿಳಿಚಿಕೊಂಡಿರುವದನ್ನು ನೋಡಿ ನಾವು ಸುಮ್ಮನಿರಬಹುದೇ?

ವಿಚಾರವನ್ನು ಹೇಳಿ ಉಪಾಯವನ್ನು ಹೇಳದಿದ್ದರೆ ಅದು ಅರ್ಧ ಪಾಠವು. ಆದುದರಿಂದ ಖರ್ಚಿಲ್ಲದ ನಾಲ್ಕು ಉಪಾಯಗಳನ್ನು ಗೃಹಸ್ಥರಿಗೆ ಸೂಚಿಸುವೆನು. ಮೊದಲನೆಯದು, ಒಂದು ಹೊತ್ತಾದರೂ ಮನೆಯವರೆಲ್ಲರೂ ಕೂಡಿ ಉಣ್ಣುವದು. ಪಾತ್ರೆಗಳನ್ನು ನಡುವೆ ಇಟ್ಟುಕೊಂಡರೆ ಬಡಿಸುವವರೇ ಬೇಕಾಗಿಲ್ಲ; ಪಲ್ಯವು ಕಡಿಮೆ ಬಿದ್ದರೆ ಎಲ್ಲರಿಗೂ ಸಮನಾಗಿ ಕಡಿಮೆ ಬೀಳುವದು. ಎರಡನೆಯದು, ‘ಸಹಾಯ’ ಎಂಬ ಶಬ್ದವನ್ನು ಬಿಟ್ಟು ‘ಹೊಣೆ’ ಎಂಬುದನ್ನು ಹಿಡಿಯುವದು. ಸಹಾಯ ಮಾಡುವವನಿಗೆ ಕೆಲಸವನ್ನು ನೆನಪು ಮಾಡಿಕೊಡುವದೂ ಅವಳಿಗೊಂದು ಕೆಲಸವೇ. ಮನೆಯ ನೀರಿನ ಹೊಣೆಯು ಗಂಡನದು, ಮುದುಕರ ಔಷಧದ ಹೊಣೆಯು ಮಗನದು ಎಂದು ಗೊತ್ತುಮಾಡಿದರೆ ಅವಳ ತಲೆಯ ಭಾರವೂ ಇಳಿಯುವದು. ಮೂರನೆಯದು, ಸಿಲಿಂಡರಿನ ಹಣವನ್ನು ತಿಂಗಳ ಮೊದಲ ವೆಚ್ಚದಲ್ಲಿ ಸೇರಿಸುವದು. ಹೊಗೆಯು ತಿನ್ನುವ ಎದೆಯು ಆಸ್ಪತ್ರೆಯಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಕೇಳುವದು.

ನಾಲ್ಕನೆಯದೇ ಮುಖ್ಯವಾದುದು: ಗಂಡುಮಕ್ಕಳಿಗೆ ಅಡಿಗೆಯನ್ನು ಕಲಿಸುವದು. ಮದುವೆಯ ಊರೂಟದಲ್ಲಿ ನೂರಾರು ಜನರಿಗೆ ಅಡಿಗೆ ಮಾಡುವ ಗಂಡಸರು ನಮ್ಮಲ್ಲಿರುವರು. ಮಠಗಳ ದಾಸೋಹದಲ್ಲಿ ಸಾರು ಕುದಿಸುವವರೂ ಗಂಡಸರೇ. ಮಹಾಭಾರತದ ಭೀಮಸೇನನು ವಿರಾಟನ ಮನೆಯಲ್ಲಿ ವರ್ಷಪೂರ್ತಿ ಬಾಣಸಿಗನಾಗಿದ್ದನು. ಅದರಿಂದ ಅವನ ಗದೆಯು ಹಗುರವಾಗಲಿಲ್ಲ. ನಳಮಹಾರಾಜನ ಪಾಕವು ಇಂದಿಗೂ ಗಾದೆಯಾಗಿದೆ. ಹೊರಗೆ ಮಾಡಿದರೆ ಕೀರ್ತಿಯಾಗುವ ಕೆಲಸವು ಮನೆಯಲ್ಲಿ ಮಾಡಿದರೆ ನಾಚಿಕೆಯಾಗುವದೇಕೆ? ಹನ್ನೆರಡು ವರ್ಷದ ಹುಡುಗನು ತನ್ನ ತಾಟನ್ನು ತೊಳೆದಿಡಲಿ, ಹದಿನಾಲ್ಕರಲ್ಲಿ ಅನ್ನಕ್ಕಿಡಲಿ, ಹದಿನಾರರಲ್ಲಿ ರೊಟ್ಟಿ ಬಡಿಯಲಿ. ಓದಿಗಾಗಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಕೋಣೆ ಹಿಡಿದ ದಿನ ಅವನು ಇದರ ಉಪಯೋಗವನ್ನು ತಾನೇ ಕಂಡುಕೊಳ್ಳುವನು.

ತಾಯಂದಿರಲ್ಲಿ ಒಂದು ವಿನಂತಿಯುಂಟು. ಮಗನು ಪಾತ್ರೆ ಮುಟ್ಟಿದರೆ ‘ಬಿಡಪ್ಪಾ, ಗಂಡುಮಗ ನೀನು’ ಎಂದು ಕಸಿದುಕೊಳ್ಳಬೇಡಿರಿ. ಅವನು ಬಡಿದ ಮೊದಲ ರೊಟ್ಟಿಯು ಒಡೆಯುವದು, ಸೀಯುವದು, ನಕಾಶೆಯಂತೆ ಮೂಲೆಮೂಲೆಯಾಗುವದು. ನಗದೆ ತಿನ್ನಿರಿ. ಅರವತ್ತಕ್ಕೆ ಸರಕಾರವು ನಮ್ಮಂಥವರಿಗೆ ಹಾರ ಹಾಕಿ, ನಿವೃತ್ತಿವೇತನವನ್ನು ಗೊತ್ತುಮಾಡಿ ಮನೆಗೆ ಕಳಿಸುವದು. ನಮ್ಮ ಓರಗೆಯ ಗೃಹಿಣಿಗೆ ಹಾರವನ್ನು ಹಾಕುವವರಾರು? ಅವಳ ನಿವೃತ್ತಿಯು ಸರಕಾರದ ಆಜ್ಞೆಯಿಂದ ಬರತಕ್ಕದ್ದಲ್ಲ. ಒಲೆಯ ಮುಂದಿನ ಅವಳ ಮಣೆಯ ಮೇಲೆ ಇನ್ನೊಬ್ಬರು ಕುಳಿತ ದಿನವೇ ಅದು ಬರುವದು. ಆ ಇನ್ನೊಬ್ಬರು ಸೊಸೆಯೇ ಆಗಬೇಕೆಂದಿಲ್ಲ. ಮಗನೂ ಆಗಬಹುದು, ಗಂಡನೂ ಆಗಬಹುದು.